ಎಲ್‌ಓಟಿಡಬ್ಲ್ಯೂ: ಲಾಗ್ ಪೂರ್ತಿ ಅಪ್‌ಲೋಡ್ ಆಗಿದೆ, ಹಳೆ ಕ್ಯೂಎಸ್‌ಒ ಒಂದೂ ಕನ್ಫರ್ಮ್ ಆಗುತ್ತಿಲ್ಲ

ಉಣಕಲ್_ಡೈಪೋಲ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಹ್ಯಾಮ್ ರೇಡಿಯೋದಲ್ಲಿ ಮಾಡಿದ ಸಂಪರ್ಕಗಳನ್ನು (ಕ್ಯೂಎಸ್‌ಒ) ಎರಡೂ ಕಡೆಯವರು ಅಪ್‌ಲೋಡ್ ಮಾಡಿ ತಾಳೆ ನೋಡುವ ವೆಬ್‌ಸೈಟೇ ಎಲ್‌ಓಟಿಡಬ್ಲ್ಯೂ, ಅಲ್ಲಿ ನನ್ನವು ಹೊಂದುತ್ತಿಲ್ಲ. ಡಿಎಕ್ಸ್‌ಸಿಸಿ ಅವಾರ್ಡಿಗೆ 100 ಎಂಟಿಟಿ (ದೇಶ ಅಥವಾ ಪ್ರತ್ಯೇಕ ಪ್ರದೇಶ) ಬೇಕು, ನನ್ನ ಲಾಗಿನಲ್ಲಿ ಅದಕ್ಕಿಂತ ಜಾಸ್ತಿಯೇ ಇವೆ. ಹಳೆ ಲಾಗ್‌ಬುಕ್ ಮುಂದಿಟ್ಟುಕೊಂಡು ಒಂದೊಂದೇ ಸಾಲು ಎಕ್ಸೆಲ್‌ಗೆ ಹಾಕಿದೆ. ಅದನ್ನು ಎಡಿಐಎಫ್ (ಲಾಗ್ ಕಳಿಸುವ ನಮೂನೆ) ಫೈಲ್ ಮಾಡಿ, ಟಿಕ್ಯೂಎಸ್‌ಎಲ್ ಪ್ರೋಗ್ರಾಂನಲ್ಲಿ ನನ್ನ ಡಿಜಿಟಲ್ ಸರ್ಟಿಫಿಕೇಟ್‌ನಿಂದ ಸೈನ್ ಮಾಡಿ ಕಳಿಸಿದೆ. ಒಂದೂ ಎರರ್ ಬರಲಿಲ್ಲ. ಲಾಗಿನ್ ಆಗಿ ನೋಡಿದರೆ ಎಲ್ಲ ಕ್ಯೂಎಸ್‌ಒಗಳೂ ಸಾಲಾಗಿ ಕಾಣುತ್ತವೆ. ಆದರೆ ಕನ್ಫರ್ಮ್ ಆಗಿರುವುದು ಇತ್ತೀಚಿನವು ಮಾತ್ರ. ಹಳೆಯವುಗಳ ಎದುರು ಖಾಲಿ ಖಾಲಿ.

ಜಪಾನ್, ಇಟಲಿ, ಇಂಡೋನೇಷ್ಯಾ ಸ್ಟೇಷನ್‌ಗಳು ಎಲ್‌ಓಟಿಡಬ್ಲ್ಯೂಗೆ ದಿನಾ ಅಪ್‌ಲೋಡ್ ಮಾಡುವಂಥವು. ಅವೂ ಬಂದಿಲ್ಲ. ಇಷ್ಟು ಕಷ್ಟಪಟ್ಟು ಟೈಪ್ ಮಾಡಿದ್ದು ಸುಮ್ನೆ ಹೋಯ್ತಾ? ಯಾರಾದರೂ ದಾರಿ ತೋರಿಸಿ.

ಬೆಟಗೇರಿ_ಬೀಮ್ (ಗದಗ)

ಟೈಮ್ ನೋಡಿ. ನೂರಕ್ಕೆ ನೂರು ಟೈಮ್. ನೀವು ಗಡಿಯಾರ ನೋಡಿ ಐಎಸ್‌ಟಿ ಬರೆದಿರುತ್ತೀರಿ, ಎಡಿಐಎಫ್‌ಗೆ ಬೇಕಾಗಿದ್ದು ಯುಟಿಸಿ (ಜಾಗತಿಕ ಸಮಯ). ಐದೂವರೆ ತಾಸು ಹಿಂದೆ. ಎರಡೂ ಕಡೆಯ ಸಮಯ 30 ನಿಮಿಷದ ಒಳಗೆ ಇದ್ದರೆ ಮಾತ್ರ ಮ್ಯಾಚ್ ಆಗುತ್ತದೆ.

ತಾರೀಕಿನದೂ ಒಂದು ಫಜೀತಿ ಇದೆ. ಬೆಳಗಿನ ಜಾವ 3 ಗಂಟೆಗೆ ಮಾತಾಡಿದರೆ ಯುಟಿಸಿಯಲ್ಲಿ ಅದು ಹಿಂದಿನ ದಿನ 21:30. ಸಮಯ ತಿದ್ದಿ ತಾರೀಕು ತಿದ್ದದೇ ಬಿಟ್ಟವರನ್ನು ಬಹಳ ಜನ ನೋಡಿದ್ದೇನೆ.

ಉಣಕಲ್_ಡೈಪೋಲ್

ಸರ್, ನಾನು ಮೊದಲ ದಿನದಿಂದಲೂ ಲಾಗ್‌ಬುಕ್ಕಿನಲ್ಲಿ ಯುಟಿಸಿಯೇ ಬರೆದಿದ್ದು. ಶ್ಯಾಕಿನಲ್ಲಿ (ರೇಡಿಯೋ ಕೋಣೆ) ಎರಡು ಗಡಿಯಾರ ಇವೆ, ಒಂದು ಅದಕ್ಕಂತಲೇ ಇಟ್ಟಿದ್ದು. ಟೈಮ್ ಸರಿ ಇದೆ.

ಎಫ್‌ಟಿ8_ಹುಡುಗ (ಧಾರವಾಡ)

ಅಣ್ಣಾ, ಸರ್ವರ್ ನಿಂತಿರಬಹುದಾ? 2024ರ ಮೇ ತಿಂಗಳಲ್ಲಿ ಎಲ್‌ಓಟಿಡಬ್ಲ್ಯೂ ನಡೆಸುವ ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ಮೇಲೆ ಸೈಬರ್ ದಾಳಿ ಆದಾಗ ಜುಲೈ 1ರ ತನಕ ಎಲ್‌ಓಟಿಡಬ್ಲ್ಯೂ ಬಂದ್ ಇತ್ತು.

ಬೆಟಗೇರಿ_ಬೀಮ್

ಅದು ಆಗ. ಈಗಿನ ಕ್ಯೂಎಸ್‌ಒ ಕನ್ಫರ್ಮ್ ಆಗುತ್ತಿವೆ ಅಂತ ಅವರೇ ಹೇಳಿದ್ದಾರಲ್ಲ, ಸರ್ವರ್ ನಿಂತಿದ್ದರೆ ಅವೂ ಬರುತ್ತಿರಲಿಲ್ಲ.

ಉಣಕಲ್ ಅವರೇ, ಎಕ್ಸೆಲ್‌ನ ಟೈಮ್ ಕಾಲಂ ಇನ್ನೊಮ್ಮೆ ನೋಡಿ. ಅದು ಸೊನ್ನೆ ನುಂಗುತ್ತದೆ. 0045 ಅಂತ ಹೊಡೆದರೆ ಬರೀ 45 ಉಳಿಯುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಕೊಂಡೇ ಟೈಪ್ ಮಾಡಬೇಕು. ನನ್ನ ಮಾತು ಕೇಳಿ, ಟೈಮ್‌ದೇ ತೊಂದರೆ.

ಉಣಕಲ್_ಡೈಪೋಲ್

ಸರ್, ಮಧ್ಯಾಹ್ನದ, ಸಂಜೆಯ ಕ್ಯೂಎಸ್‌ಒಗಳೂ ಬಂದಿಲ್ಲ. 1030, 1415 ಅಂತ ಇರುವಲ್ಲಿ ಯಾವ ಸೊನ್ನೆ ಹೋಗಬೇಕು? ವೆಬ್‌ಸೈಟಿನಲ್ಲೂ ಸಮಯ ಸರಿಯಾಗೇ ಕಾಣುತ್ತಿದೆ.

ಸಪ್ತಾಪುರ_ಕೀ (ಧಾರವಾಡ)

ಇದಕ್ಕೇ ನಾನು ಕಾರ್ಡು ಬಿಟ್ಟಿಲ್ಲ. ಸಂಪರ್ಕ ಆಯಿತು ಅಂತ ಎದುರಿನವರು ಕಳಿಸುವ ಕ್ಯೂಎಸ್‌ಎಲ್ ಕಾರ್ಡು ಕೈಗೆ ಬಂದರೆ ಬಂತು. ಡಿಎಕ್ಸ್‌ಸಿಸಿಗೆ ಇಂದಿಗೂ ಅದು ನಡೆಯುತ್ತದೆ. ಈ ಸರ್ಟಿಫಿಕೇಟ್, ಸೈನ್, ಪಾಸ್‌ವರ್ಡ್ ಯಾವುದೂ ಬೇಡ. ನನ್ನ ಹತ್ತಿರ ಮೂರು ಟ್ರಂಕ್ ತುಂಬ ಕಾರ್ಡುಗಳಿವೆ, ಸೋವಿಯತ್ ಕಾಲದವೂ ಇವೆ.

ಎಫ್‌ಟಿ8_ಹುಡುಗ

ಕಾಕಾ, ನಿಮ್ಮ ಕಾರ್ಡುಗಳನ್ನು ನೋಡಿದ್ದೇನೆ, ಭಾಳ ಚೆಂದ. ಆದರೆ ಕಾರ್ಡು ಒಟ್ಟು ಮಾಡಿ ಹಂಚುವ ಬ್ಯೂರೋದಿಂದ ಒಂದು ಕಾರ್ಡು ಬರುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ನೇರ ಅಂಚೆಯಲ್ಲಿ ಕಳಿಸಿದರೆ ಹೋಗಿಬರುವ ಖರ್ಚು ನಮ್ಮದೇ. ಓದುವ ಹುಡುಗರಿಗೆ ಅದು ಆಗುವ ಮಾತಲ್ಲ. ಎಲ್‌ಓಟಿಡಬ್ಲ್ಯೂಗೆ ಅಪ್‌ಲೋಡ್ ಮಾಡಲು ದುಡ್ಡಿಲ್ಲ, ಅವಾರ್ಡಿಗೆ ಕ್ರೆಡಿಟ್ ತಗೊಳ್ಳುವಾಗ ಮಾತ್ರ ಫೀಸು.

ಅಣ್ಣಾ, ಅಲ್ಲಿ ಆಗದಿದ್ದರೆ ಈಕ್ಯೂಎಸ್‌ಎಲ್‌ಗೆ (ಆನ್‌ಲೈನ್ ಕಾರ್ಡಿನ ಇನ್ನೊಂದು ವೆಬ್‌ಸೈಟ್) ಹಾಕಿಬಿಡಿ, ಬೇಗ ಬರುತ್ತವೆ.

ಸಪ್ತಾಪುರ_ಕೀ

ತಮ್ಮಾ, ಈಕ್ಯೂಎಸ್‌ಎಲ್ ಡಿಎಕ್ಸ್‌ಸಿಸಿಗೆ ನಡೆಯೋದಿಲ್ಲ. ಆ ಅವಾರ್ಡಿಗೆ ಒಂದೋ ಕಾರ್ಡು, ಇಲ್ಲಾ ಎಲ್‌ಓಟಿಡಬ್ಲ್ಯೂ. ಅವರು ಕೇಳಿದ್ದು ಡಿಎಕ್ಸ್‌ಸಿಸಿ. ದಾರಿ ತಪ್ಪಿಸಬೇಡ.

ಎಫ್‌ಟಿ8_ಹುಡುಗ

ದಾರಿ ತಪ್ಪಿಸಲಿಲ್ಲ ಕಾಕಾ, ಕನ್ಫರ್ಮ್ ಆದ ಸಮಾಧಾನವಾದರೂ ಸಿಗಲಿ ಅಂದೆ. ಈಕ್ಯೂಎಸ್‌ಎಲ್‌ನವರದೇ ಬೇರೆ ಅವಾರ್ಡುಗಳಿವೆ, ನನಗೆ ಒಂದು ಬಂದಿದೆ.

ಲಕ್ಷ್ಮೇಶ್ವರ_ಲೂಪ್

ನಡುವೆ ಬಂದೆ, ಕ್ಷಮಿಸಿ. ಉಣಕಲ್ ಅವರೇ, ನಿಮ್ಮ ಹೆಸರಿನಲ್ಲೇ ಡೈಪೋಲ್ (ತಂತಿ ಆ್ಯಂಟೆನಾ) ಇದೆ. 40 ಮೀಟರ್ ಬ್ಯಾಂಡಿಗೆ ಹಾಕಿದ್ದೀರಾ? ಒಟ್ಟು 66 ಅಡಿ ತಂತಿ ಬೇಕಲ್ಲ, 30-40 ಸೈಟಿನಲ್ಲಿ ಹೇಗೆ ಕಟ್ಟಿದಿರಿ? ನಾನೂ ಅದೇ ಯೋಚನೆಯಲ್ಲಿದ್ದೇನೆ.

ಉಣಕಲ್_ಡೈಪೋಲ್

ಮೂಲೆಯಿಂದ ಮೂಲೆಗೆ ಎಳೆದರೆ 50 ಅಡಿ ಸಿಗುತ್ತದೆ. ಎರಡೂ ತುದಿಯಲ್ಲಿ 8 ಅಡಿಯಷ್ಟು ಕೆಳಗೆ ಇಳಿಬಿಟ್ಟಿದ್ದೇನೆ. ನಡುವೆ ನೀರಿನ ಟ್ಯಾಂಕಿನ ಪಕ್ಕ ಒಂದು ಜಿಐ ಪೈಪು. ಇಳಿಬಿಟ್ಟ ತುದಿ ಯಾರ ಕೈಗೂ ಸಿಗದಷ್ಟು ಎತ್ತರ ಇರಲಿ, ಟ್ರಾನ್ಸ್‌ಮಿಟ್ ಮಾಡುವಾಗ ಅಲ್ಲೇ ವೋಲ್ಟೇಜ್ ಜಾಸ್ತಿ. ಈಗ ಮೋರ್ಸ್ ಪಾಸಾಗಿ ಜನರಲ್ ಗ್ರೇಡ್ ಲೈಸೆನ್ಸ್ ಬಂದ ಮೇಲೆ ದೊಡ್ಡ ರಿಗ್ (ರೇಡಿಯೋ) ತಗೊಂಡೆ, ಅದೇ ತಂತಿಯಲ್ಲಿ 100 ವ್ಯಾಟ್ ಆರಾಮಾಗಿ ಹೋಗುತ್ತಿದೆ. ಎಸ್‌ಡಬ್ಲ್ಯೂಆರ್ (ಆ್ಯಂಟೆನಾ ಹೊಂದಾಣಿಕೆಯ ಅಳತೆ) 1.3.

ಆದರೆ ದಯವಿಟ್ಟು ನನ್ನ ಪ್ರಶ್ನೆ ಬಿಡಬೇಡಿ.

ಬೆಟಗೇರಿ_ಬೀಮ್

100 ವ್ಯಾಟಿಗೆ ಡೈಪೋಲ್ ಸಾಕು, ಆದರೆ ಡಿಎಕ್ಸ್‌ಗೆ (ದೂರದ ದೇಶಗಳಿಗೆ) ಎತ್ತರ ಬೇಕ್ರೀ. ನಮ್ಮ ಮನೆ ಮೇಲೆ ಟವರ್ ನಿಲ್ಲಿಸಿ 3 ಎಲಿಮೆಂಟ್ ಯಾಗಿ ಆ್ಯಂಟೆನಾ ಕೂರಿಸಿದ್ದೇನೆ, ರೋಟೇಟರ್ ಸಮೇತ. ಸಂಜೆ 20 ಮೀಟರಿನಲ್ಲಿ ಯುರೋಪಿಗೆ ತಿರುಗಿಸಿದರೆ ಸ್ಟೇಷನ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಮಳೆಗಾಲಕ್ಕೆ ಮುಂಚೆ ಗೈ ವೈರ್ ಎಲ್ಲ ಬದಲಿಸಿದೆ. ಫೋಟೋ ಹಾಕುತ್ತೇನೆ.

ಇನ್ನು ನಿಮ್ಮ ವಿಷಯ. ಟೈಮ್ ಅಲ್ಲ ಅನ್ನುವುದಾದರೆ ಗ್ರಿಡ್ (ಊರು ಬೀಳುವ ನಕ್ಷೆ ಚೌಕದ ಸಂಕೇತ) ನೋಡಿ. ಟಿಕ್ಯೂಎಸ್‌ಎಲ್‌ನ ಸ್ಟೇಷನ್ ಲೊಕೇಶನ್‌ನಲ್ಲಿ ಎಂಕೆ75 ಹಾಕಿದ್ದೀರಿ ತಾನೆ? ಆದರೂ ಟೈಮ್ ಇನ್ನೊಮ್ಮೆ ನೋಡಿ.

ಹಾವೇರಿ_ಎಂಕೆ74

ಎರಡು ದಿನದಿಂದ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು.

ಬೆಟಗೇರಿಯವರೇ, ಮ್ಯಾಚ್ ಮಾಡುವಾಗ ಗ್ರಿಡ್ ನೋಡುವುದಿಲ್ಲ. ಹಾವೇರಿ 15 ಡಿಗ್ರಿ ಅಕ್ಷಾಂಶಕ್ಕಿಂತ ಕೆಳಗಿದೆ, ಅದಕ್ಕೆ ನಮ್ಮದು ಎಂಕೆ74. ಹುಬ್ಬಳ್ಳಿ, ಧಾರವಾಡ, ಗದಗ ಮೇಲಿವೆ, ಎಂಕೆ75. ನಾನು ತಪ್ಪು ಗ್ರಿಡ್ ಹಾಕಿದರೂ ಕ್ಯೂಎಸ್‌ಒ ಕನ್ಫರ್ಮ್ ಆಗುತ್ತದೆ. ಗ್ರಿಡ್ ಲೆಕ್ಕದ ಅವಾರ್ಡುಗಳಿಗೆ ಮಾತ್ರ ತೊಂದರೆ. ಎಲ್‌ಓಟಿಡಬ್ಲ್ಯೂ ಹೋಲಿಸುವುದು ಇಷ್ಟು: ನಿಮ್ಮ ಕಾಲ್‌ಸೈನ್ (ಲೈಸೆನ್ಸಿನಲ್ಲಿ ಕೊಟ್ಟ ಗುರುತು), ಅವರ ಕಾಲ್‌ಸೈನ್, ಬ್ಯಾಂಡ್, ಮೋಡ್, ತಾರೀಕು-ಸಮಯ. ಮೋಡ್‌ನಲ್ಲೂ ಸ್ವಲ್ಪ ಸಡಿಲ ಇದೆ. ಒಬ್ಬರು ಎಫ್‌ಟಿ8 (ಒಂದು ಡಿಜಿಟಲ್ ಮೋಡ್) ಅಂತ, ಇನ್ನೊಬ್ಬರು ಡೇಟಾ ಅಂತ ಹಾಕಿದರೂ ಹೊಂದುತ್ತದೆ.

ಉಣಕಲ್ ಅವರೇ, ಡೈಪೋಲ್ ಬಗ್ಗೆ ಹೇಳುವಾಗ ಜನರಲ್ ಗ್ರೇಡ್ ಬಂತು ಅಂದಿರಿ. ಅದಕ್ಕೆ ಮುಂಚೆ ರೆಸ್ಟ್ರಿಕ್ಟೆಡ್ ಗ್ರೇಡ್ ಇತ್ತಾ? ಆಗಿನ ಕಾಲ್‌ಸೈನ್ ವಿಯು3 ಅಂತ ಶುರುವಾಗುತ್ತಿತ್ತಾ, ಈಗ ವಿಯು2 ಆಯಿತಾ? ಹಳೆ ಲಾಗ್‌ಬುಕ್ ಯಾವ ಕಾಲದ್ದು?

ಉಣಕಲ್_ಡೈಪೋಲ್

ಹೌದು ಅಕ್ಕಾರೆ, ಹಳೆ ಲಾಗ್‌ಬುಕ್ ಪೂರ್ತಿ ವಿಯು3 ಇದ್ದಾಗಿನದು. ಈಗ ವಿಯು2. ಮನುಷ್ಯ ಅದೇ, ಮನೆ ಅದೇ, ತಂತಿಯೂ ಅದೇ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಾವೇರಿ_ಎಂಕೆ74

ಸಂಬಂಧ ಅಲ್ಲೇ ಇದೆ. ಜಪಾನಿನವರು ಆ ದಿನ ಬರೆದುಕೊಂಡಿದ್ದು ನಿಮ್ಮ ವಿಯು3 ಕಾಲ್. ನೀವು ಈಗ ಸೈನ್ ಮಾಡಿ ಕಳಿಸಿರುವುದು ವಿಯು2 ಸರ್ಟಿಫಿಕೇಟ್‌ನಲ್ಲಿ. ಅವರ ಲಾಗಿನಲ್ಲಿ ವಿಯು2 ಜತೆ ಆ ತಾರೀಕಿನಲ್ಲಿ ಮಾತೇ ಆಡಿಲ್ಲ. ಎಲ್‌ಓಟಿಡಬ್ಲ್ಯೂ ಲೆಕ್ಕದಲ್ಲಿ ಅವು ಎರಡು ಬೇರೆ ಸ್ಟೇಷನ್.

ಎರರ್ ಯಾಕೆ ಬರಲಿಲ್ಲ ಅಂದರೆ ಎರಡು ಕಾರಣ. ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಂಥ ಪ್ರೋಗ್ರಾಂ ಬರೆಯುವ ಎಡಿಐಎಫ್‌ನಲ್ಲಿ ಪ್ರತಿ ಕ್ಯೂಎಸ್‌ಒಗೂ ‘ಸ್ಟೇಷನ್ ಕಾಲ್‌ಸೈನ್’ ಅನ್ನುವ ಫೀಲ್ಡ್ ಇರುತ್ತದೆ. ನೀವು ಎಕ್ಸೆಲ್‌ನಲ್ಲಿ ಎದುರಿನವರ ಕಾಲ್ ಮಾತ್ರ ಹಾಕಿರುತ್ತೀರಿ. ನಿಮ್ಮ ಕಾಲ್‌ಗೆ ಕಾಲಂ ಇಲ್ಲದಿದ್ದರೆ ಟಿಕ್ಯೂಎಸ್‌ಎಲ್‌ಗೆ ಅನುಮಾನ ಬರಲು ದಾರಿಯೇ ಇಲ್ಲ. ಎರಡನೆಯದು, ಹೊಸ ಸರ್ಟಿಫಿಕೇಟ್ ಕೇಳುವಾಗ ಮೊದಲ ಕ್ಯೂಎಸ್‌ಒ ತಾರೀಕಿನ ಜಾಗದಲ್ಲಿ ಹಳೆ ತಾರೀಕು ಹಾಕಿರಬೇಕು. ವಿಯು2 ಲೈಸೆನ್ಸ್ ಬಂದ ದಿನ ಹಾಕಿದ್ದರೆ ಅದಕ್ಕಿಂತ ಹಿಂದಿನವನ್ನು ಟಿಕ್ಯೂಎಸ್‌ಎಲ್ ಅಲ್ಲೇ ತಡೆಯುತ್ತಿತ್ತು.

ಈಗ ಮಾಡಬೇಕಾಗಿದ್ದು: ಟಿಕ್ಯೂಎಸ್‌ಎಲ್‌ನಲ್ಲಿ ಹಳೆ ವಿಯು3 ಕಾಲ್‌ಗೆ ಬೇರೆ ಸರ್ಟಿಫಿಕೇಟ್ ಕೇಳಿ. ಶುರುವಿನ ತಾರೀಕು, ಕೊನೆಯ ತಾರೀಕು ಎರಡನ್ನೂ ಹಳೆ ಲೈಸೆನ್ಸ್ ನೋಡಿ ಹಾಕಿ. ಎಂಟಿಟಿ ಇಂಡಿಯಾ, ನಂಬರ್ 324. ಆ ಕೋರಿಕೆಯನ್ನು ಈಗಿರುವ ವಿಯು2 ಸರ್ಟಿಫಿಕೇಟ್‌ನಿಂದ ಸೈನ್ ಮಾಡಿ, ಎರಡೂ ಒಂದೇ ಲಾಗಿನ್‌ಗೆ ಬರುತ್ತವೆ. ಹಳೆ ಲೈಸೆನ್ಸಿನ ಸ್ಕ್ಯಾನ್ ರೆಡಿ ಇಟ್ಟುಕೊಳ್ಳಿ, ಕೇಳಬಹುದು. ಸರ್ಟಿಫಿಕೇಟ್ ಬಂದ ಮೇಲೆ ಅದಕ್ಕೆ ಬೇರೆ ಸ್ಟೇಷನ್ ಲೊಕೇಶನ್ ಮಾಡಿ, ಅದೇ ಎಡಿಐಎಫ್ ಅನ್ನು ಅದರಲ್ಲಿ ಸೈನ್ ಮಾಡಿ ಮತ್ತೆ ಕಳಿಸಿ. ಕಾಲ್ ಬೇರೆ ಆದ್ದರಿಂದ ಡೂಪ್ಲಿಕೇಟ್ ಅನ್ನುವುದಿಲ್ಲ. ಟೈಪ್ ಮಾಡಿದ್ದು ಯಾವುದೂ ಸುಮ್ನೆ ಹೋಗಿಲ್ಲ.

ಬೆಟಗೇರಿ_ಬೀಮ್

ಇದು ಇರಬಹುದು. ಆದರೆ ಟೈಮೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಉಣಕಲ್_ಡೈಪೋಲ್

ಅಕ್ಕಾರೆ, ಈಗ ತೆಗೆದು ನೋಡಿದೆ. ನೀವು ಹೇಳಿದ ಹಾಗೆಯೇ. ಫೈಲಿನಲ್ಲಿ ಅವರ ಕಾಲ್, ತಾರೀಕು, ಸಮಯ, ಬ್ಯಾಂಡ್, ಮೋಡ್ ಇಷ್ಟೇ ಇವೆ. ನನ್ನ ಕಾಲ್ ಎಲ್ಲೂ ಇಲ್ಲ.

ಎರಡು ಪ್ರಶ್ನೆ. ಈಗ ವಿಯು2ನಲ್ಲಿ ಹೋಗಿ ಕೂತಿರುವ ಹಳೆ ಕ್ಯೂಎಸ್‌ಒಗಳನ್ನು ಅಳಿಸುವುದು ಹೇಗೆ? ಮತ್ತೆ, ವಿಯು3ನಲ್ಲಿ ಬಂದ ದೇಶಗಳು ವಿಯು2 ಅವಾರ್ಡಿಗೆ ಸೇರುತ್ತವಾ, ಇಲ್ಲಾ ಮತ್ತೆ ಸೊನ್ನೆಯಿಂದ ಶುರುವಾ?

ಹಾವೇರಿ_ಎಂಕೆ74

ಅಳಿಸಲು ಬರುವುದಿಲ್ಲ, ಒಮ್ಮೆ ಹೋದದ್ದು ಅಲ್ಲೇ ಇರುತ್ತದೆ. ಅದರಿಂದ ಹಾನಿಯಿಲ್ಲ, ಎದುರು ಜೋಡಿ ಇಲ್ಲದೆ ಸುಮ್ಮನೆ ಬಿದ್ದಿರುತ್ತವೆ.

ಅವಾರ್ಡಿಗೆ ಸೇರುತ್ತವೆ. ಡಿಎಕ್ಸ್‌ಸಿಸಿ ಕೊಡುವುದು ಆಪರೇಟರ್‌ಗೆ. ಒಂದೇ ಎಂಟಿಟಿಯಿಂದ ಮಾತಾಡಿದ್ದರೆ ನಿಮ್ಮ ಹಳೆ, ಹೊಸ ಎರಡೂ ಕಾಲ್‌ಗಳ ಕ್ರೆಡಿಟ್ ಒಟ್ಟಿಗೆ ಲೆಕ್ಕ. ಎಲ್‌ಓಟಿಡಬ್ಲ್ಯೂದ ಅವಾರ್ಡ್ ಅಕೌಂಟಿನಲ್ಲಿ ಎರಡೂ ಕಾಲ್‌ಸೈನ್ ಸೇರಿಸಿಕೊಳ್ಳಿ. ಒಂದೇ ಎಂಟಿಟಿಯಿಂದ ಅನ್ನುವ ಮಾತು ಮರೆಯಬೇಡಿ. ಮುಂದೆ ನೀವು ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋಗಿ ಅಲ್ಲಿಂದ ಮಾತಾಡಿದರೆ ಅವು ಬೇರೆ ಎಂಟಿಟಿಗಳು, ಇದರ ಜತೆ ಕೂಡಿಸಲು ಬರುವುದಿಲ್ಲ.

ಎರಡೂ ಸರ್ಟಿಫಿಕೇಟ್‌ಗಳ ಬ್ಯಾಕಪ್ ಪೆನ್‌ಡ್ರೈವ್‌ನಲ್ಲಿ ಇಡಿ. ನಮ್ಮ ಕಡೆ ಕರೆಂಟ್ ಹೋಗಿ ಬಂದು ಹಾರ್ಡ್‌ಡಿಸ್ಕ್ ಹೋದವರನ್ನು ನೋಡಿದ್ದೇನೆ. ವಿಯು2 ಸರ್ಟಿಫಿಕೇಟ್ ಅವಧಿ ಮೂರು ವರ್ಷ, ಮುಗಿಯುವ ಮೊದಲೇ ರಿನ್ಯೂ ಮಾಡಿ.

ಎಫ್‌ಟಿ8_ಹುಡುಗ

ಅಕ್ಕಾ, ನಂದೂ ಒಂದು. ನೃಪತುಂಗ ಬೆಟ್ಟದಲ್ಲಿ ಭಾನುವಾರ ಪೋರ್ಟಬಲ್ ಹೋದಾಗ ಕಾಲ್‌ನ ಕೊನೆಗೆ ಸ್ಟ್ರೋಕ್ ಪಿ (/P, ಪೋರ್ಟಬಲ್ ಅನ್ನುವ ಗುರುತು) ಹಾಕಿ ಮಾತಾಡಿದ್ದೆ. ಅಪ್‌ಲೋಡ್ ಮಾಡುವಾಗ ಪಿ ಇಲ್ಲದೆ ಕಳಿಸಿದೆ. ಅದಕ್ಕೇ ಬಂದಿಲ್ಲವಾ?

ಹಾವೇರಿ_ಎಂಕೆ74

ಅದಕ್ಕೇ. ಸ್ಟ್ರೋಕ್ ಪಿ ಇದ್ದರೆ ಅದೂ ಬೇರೆ ಕಾಲ್‌ಸೈನ್. ಅದಕ್ಕೂ ಒಂದು ಸರ್ಟಿಫಿಕೇಟ್ ಕೇಳು. ನಿನ್ನ ಮುಖ್ಯ ಸರ್ಟಿಫಿಕೇಟ್‌ನಿಂದ ಸೈನ್ ಮಾಡಿ ಕಳಿಸು.

ಸಪ್ತಾಪುರ_ಕೀ

ಕಾರ್ಡಿನಲ್ಲೂ ಇದೇ ನಿಯಮ ತಮ್ಮಾ. ಸ್ಟ್ರೋಕ್ ಪಿ ಅಂತ ಮಾತಾಡಿದ್ದರೆ ಕಾರ್ಡಿನ ಮೇಲೂ ಹಾಗೇ ಇರಬೇಕು. ನಾನು ಕಾಲ್ ಬದಲಾದಾಗ ಹಳೆ ಕ್ಯೂಎಸ್‌ಒಗಳಿಗೆ ಹಳೆ ಕಾಲ್ ಇರುವ ಕಾರ್ಡನ್ನೇ ಕಳಿಸುತ್ತಿದ್ದೆ.

ಉಣಕಲ್_ಡೈಪೋಲ್

ವಿಯು3 ಸರ್ಟಿಫಿಕೇಟ್ ಬಂತು. ಈ ಸಲ ಪೂರ್ತಿ ಲಾಗ್ ಹಾಕದೆ ಮೊದಲ ಪುಟ ಮಾತ್ರ ಸೈನ್ ಮಾಡಿ ಕಳಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಜಪಾನ್ ಕನ್ಫರ್ಮ್, ಇಂಡೋನೇಷ್ಯಾ ಕನ್ಫರ್ಮ್. ಇಟಲಿಯದು 15 ಮೀಟರಿನಲ್ಲಿ ಬಂದಿದೆ, ಅದು ನನ್ನ ಮೊದಲ ಯುರೋಪ್. ಅಕ್ಕಾರೆ, ಬಹಳ ಉಪಕಾರ ಆಯಿತು. ಉಳಿದ ಪುಟಗಳನ್ನು ಇವತ್ತು ರಾತ್ರಿ ಕಳಿಸುತ್ತೇನೆ.

ಲಕ್ಷ್ಮೇಶ್ವರ_ಲೂಪ್

ಅಭಿನಂದನೆ. ಆ ಜಿಐ ಪೈಪು ಎಷ್ಟು ಇಂಚಿನದು, ಎಷ್ಟು ಎತ್ತರ ಅಂತ ಹೇಳಲೇ ಇಲ್ಲ ನೀವು.

ಉಣಕಲ್_ಡೈಪೋಲ್

ಒಂದೂವರೆ ಇಂಚು, ಟೆರೇಸಿನಿಂದ 20 ಅಡಿ. ಮೂರು ಕಡೆ ನೈಲಾನ್ ಹಗ್ಗ ಬಿಗಿದಿದ್ದೇನೆ, ಲೋಹದ ತಂತಿ ಬೇಡ. ಆ್ಯಂಟೆನಾ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಫೋಟೋ ಸಮೇತ ಬರೆಯುತ್ತೇನೆ.