ಸಹಾಯ ಬೇಕು: ಏರಿನಲ್ಲಿ ನಿಂತರೆ ಇ-ಬೈಕ್ ಎಳೆಯೋದೇ ಇಲ್ಲ

ನನ್ನದು ಹಬ್ ಮೋಟಾರ್ (ಚಕ್ರದೊಳಗೇ ಕೂತಿರೋ ಮೋಟಾರ್) ಇರೋ ಎಲೆಕ್ಟ್ರಿಕ್ ಬೈಕ್, 72 ವೋಲ್ಟ್ ಬ್ಯಾಟರಿ. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಆದರೆ ಚಾಮುಂಡಿ ಬೆಟ್ಟದ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಡೋಕೆ ನಿಂತು, ಹಿಂದೆ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಥ್ರಾಟಲ್ ತಿರುಗಿಸಿದರೆ ಸುಮ್ನೆ ಗುಂಯ್ ಅನ್ನುತ್ತೆ, ಆಮೇಲೆ ತೆವಳುತ್ತೆ. ಮೊನ್ನೆ ಅಮ್ಮ ಇಳಿದು ನಡೆದೇ ಬಂದರು. ಚಾರ್ಜ್ 80% ಇತ್ತು.

ಎಲೆಕ್ಟ್ರಿಕ್ ಮೋಟಾರ್‌ಗೆ ಸೊನ್ನೆ ವೇಗದಿಂದಲೇ ಪೂರ್ತಿ ಟಾರ್ಕ್ (ಚಕ್ರ ತಿರುಗಿಸೋ ಬಲ) ಸಿಗಬೇಕು ಅಲ್ವಾ? ಮೋಟಾರನ್ನು ನಿಯಂತ್ರಿಸೋ ಕಂಟ್ರೋಲರ್, ಮೋಟಾರ್‌ಗೆ ಹೋಗೋ ಫೇಸ್ ಕರೆಂಟನ್ನು ತಡೆಯುತ್ತಿದೆಯಾ? ಸರ್ವೀಸ್‌ನವರು ಎಲ್ಲಾ ಸರಿ ಇದೆ ಅಂದರು, ಓಡಿಸಿ ನೋಡಿದ್ದು ಮಾತ್ರ ಅಂಗಡಿ ಮುಂದಿನ ರಸ್ತೆಯಲ್ಲಿ! ಹಬ್ ಮೋಟಾರ್ ಆದ್ದರಿಂದ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲುಚಕ್ರ) ಬದಲಿಸೋ ದಾರಿಯೂ ಇಲ್ಲ. ಕಂಟ್ರೋಲರ್‌ನ ಕರೆಂಟ್ ಮಿತಿ ಏರಿಸಿದರೆ ಮೋಟಾರ್ ಒಳಗಿನ ತಂತಿ ಸುರುಳಿ (ವೈಂಡಿಂಗ್) ಸುಟ್ಟೀತು ಅನ್ನೋ ಭಯ ಬೇರೆ. ಯಾರಾದರೂ ಏರಿಸಿ ನೋಡಿದ್ದೀರಾ? ಮೋಟಾರ್ ಎಷ್ಟು ಬಿಸಿಯಾಯ್ತು?