ನರರೋಗ ಡಾಕ್ಟರ್‌ಗೆ ಕೇಳಿ: ಎಂಆರ್‌ಐ ನಾರ್ಮಲ್ ಬಂದರೂ ಇಇಜಿ ಯಾಕೆ? (ಕಲಬುರಗಿ ಗ್ರೂಪ್)

ಮಹಾದೇವಿ, ಆಳಂದ: ಡಾಕ್ಟರ್ರೇ, ನನ್ನ ಮಗಳಿಗೆ 8 ವರ್ಷ. ರೊಟ್ಟಿ ಮುರಿಯುವಾಗ ಕೈ ಹಾಗೇ ನಿಂತುಬಿಡುತ್ತದೆ. ಹತ್ತು ಸೆಕೆಂಡು ಕರೆದರೂ ಓ ಅನ್ನಲ್ಲ. ಆಮೇಲೆ ಏನೂ ಆಗದ ಹಾಗೆ ತಿನ್ನುತ್ತಾಳೆ. ದಿನಕ್ಕೆ ಹತ್ತಾರು ಸಲ ಹೀಗೇ. ಲಕ್ಷ್ಯ ಇಲ್ಲ ಅಂತ ಟೀಚರ್ ಹೊಡೆದರು. ಎಂಆರ್‌ಐ ನಾರ್ಮಲ್. ಡಾಕ್ಟರು ಇಇಜಿ ಬರೆದಿದ್ದಾರೆ. ನಾಟಕ ಮಾಡ್ತಾಳಾ?

ಡಾಕ್ಟರ್: ನಾಟಕ ಅಲ್ಲ ತಾಯಿ. ಮೂರ್ಛೆಯ ಒಂದು ಬಗೆ ಇರಬಹುದು, ಕೈಕಾಲು ಸೆಟೆಯಲ್ಲ, ಅರಿವು ಮಾತ್ರ ತಪ್ಪುತ್ತದೆ. ಎಂಆರ್‌ಐ ಮಿದುಳಿನ ಆಕಾರ ತೋರಿಸುತ್ತದೆ. ಅದರೊಳಗೆ ಕರೆಂಟ್ ಹೇಗೆ ಓಡುತ್ತಿದೆ ಅಂತ ನೋಡಲು ಇಇಜಿ ಬೇಕು. 1924ರಲ್ಲಿ ಜರ್ಮನಿಯ ಹ್ಯಾನ್ಸ್ ಬರ್ಗರ್ ಮನುಷ್ಯರ ತಲೆಯಿಂದ ಮೊದಲ ಸಲ ಇದನ್ನು ದಾಖಲಿಸಿದರು. ಈಗಲೂ ತಲೆಗೆ ಪೇಸ್ಟ್ ಹಚ್ಚಿ ವೈರ್ ಅಂಟಿಸುತ್ತೇವೆ. ಮಗುವಿಗೆ ಗಿರಿಗಿಟ್ಟಲೆ ಕೊಟ್ಟು ಮೂರು ನಿಮಿಷ ಊದಿಸುತ್ತೇವೆ. ಊದುತ್ತಾ ಊದುತ್ತಾ ಮಗು ತಟಸ್ಥ ಆದ ಗಳಿಗೆಗೇ ಪರದೆ ಮೇಲೆ ಸೆಕೆಂಡಿಗೆ ಮೂರರಂತೆ ಚೂಪು ಅಲೆಗಳು ಏಳುತ್ತವೆ. ಅಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಒಳ್ಳೆ ಔಷಧಿ ಇದೆ. ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಮೊಬೈಲಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಒಲೆ, ಬಾವಿ ಹತ್ತಿರ ಒಂಟಿಯಾಗಿ ಬಿಡಬೇಡಿ. ಟೀಚರ್‌ಗೂ ಇದನ್ನು ಓದಿಸಿ.

ಶಿವು, ಸೇಡಂ: ಇಇಜಿಯಲ್ಲಿ ತಲೆಗೆ ಕರೆಂಟ್ ಕೊಡ್ತಾರಾ?

ಡಾಕ್ಟರ್: ಇಲ್ಲ. ತಲೆಯಿಂದ ಬರುವುದನ್ನು ಓದುತ್ತೇವೆ, ಅಷ್ಟೇ.

ಅಬ್ಬಾಸ್, ಕಲಬುರಗಿ: ಸರ್, ಅಪ್ಪನ ಬಲಗೈ ಮೂರು ತಿಂಗಳಿಂದ ನಡುಗುತ್ತದೆ. ಯಾವ ಪರೀಕ್ಷೆ?

ರಾಜು, ಶಹಾಬಾದ್: ಫಾರ್ವರ್ಡ್ ಬಂದಿದೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಿ, ಉಳ್ಳಾಗಡ್ಡಿ ಮೂಸಿಸಿ.

ಡಾಕ್ಟರ್: ಇದನ್ನು ಮತ್ತೆ ಹಾಕಬೇಡಿ ರಾಜು. ಉಳ್ಳಾಗಡ್ಡಿ ಹುಡುಕುವಷ್ಟರಲ್ಲಿ ರೋಗಿಯ ಉಸಿರು ಕಟ್ಟಬಹುದು. ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ಬಸವರಾಜ: ದೊಡ್ಡ ಮಷೀನಿಗೇ ಕಾಣದ್ದು ನಾಲ್ಕು ವೈರಿಗೆ ಕಾಣುತ್ತಾ? ಸುಮ್ನೆ ದುಡ್ಡು.

ಗೌರಿ: ನನ್ನ ತಮ್ಮನ ಕಾಯಿಲೆ ಇಇಜಿಯಲ್ಲೇ ಸಿಕ್ಕಿದ್ದು ಅಣ್ಣಾ. ಗೊತ್ತಿಲ್ಲದೆ ಹೆದರಿಸಬೇಡಿ.

ಬಸವರಾಜ: ನೀವೇನು ಡಾಕ್ಟರಾ?

ಗೌರಿ: ನೀವಾ?

ಸುಜಾತಾ: ಇಇಜಿ ಮಾಡಿದರೆ ಶಾಕ್ ಹೊಡೆಯುತ್ತಾ ಸರ್?

ಡಾಕ್ಟರ್: ಮೇಲೆ ಓದಿ.

ರಾಜು: ಪಕ್ಕದ ಮನೆಯವರ ಹತ್ರ ಫಿಟ್ಸ್ ಮಾತ್ರೆ ಇದೆ. ಆ ಮಗುವಿಗೆ ಅರ್ಧ ಕೊಟ್ಟು ನೋಡಲಿ.

ಡಾಕ್ಟರ್: ಖಂಡಿತ ಕೊಡಬೇಡಿ! ಕೆಲವು ಫಿಟ್ಸ್ ಮಾತ್ರೆಗಳಿಂದ ಈ ಬಗೆಯ ಮೂರ್ಛೆ ಜಾಸ್ತಿ ಆಗುತ್ತದೆ. ಮಹಾದೇವಿಯವರೇ, ಕೊಟ್ಟಿಲ್ಲ ತಾನೇ?

ಮಹಾದೇವಿ: ಇಲ್ಲ ಡಾಕ್ಟರ್ರೇ. ವಿಡಿಯೋ ಸಿಕ್ಕಿತು. ನಾಳೆ ಮೊದಲ ಬಸ್ಸಿಗೆ ಬರ್ತೀವಿ.

ಅಬ್ಬಾಸ್: ಸರ್, ಅಪ್ಪನ ಕೈ?