ಉಪ್ಪಳ ಬಂದ ಕೂಡಲೇ ಇಯರ್‌ಫೋನ್ ಕಟ್! ನಿಂಟೆಂಡೊ ಸ್ವಿಚ್ ಇರುವವರು ಸ್ವಲ್ಪ ಹೇಳಿ

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ನನ್ನದು ಎರಡು ಸಮಸ್ಯೆ ಉಂಟು.

ನನ್ನ ಹತ್ತಿರ ಇರುವುದು ನಿಂಟೆಂಡೊ ಸ್ವಿಚ್, ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಯಂತ್ರ. 2017ರಲ್ಲಿ ಬಂದ ಮಾದರಿಯೇ, 6.2 ಇಂಚಿನ ಎಲ್‌ಸಿಡಿ ಸ್ಕ್ರೀನ್. ದುಬೈಯಲ್ಲಿರುವ ಭಾವ ಕಳೆದ ಸಲ ಊರಿಗೆ ಬರುವಾಗ ತಂದುಕೊಟ್ಟದ್ದು. ಅಮ್ಮನಿಗೆ ಟಾರ್ಚು, ನನಗೆ ಇದು.

ದಿನಾ ಬೆಳಿಗ್ಗೆ ಬೈಕಿನಲ್ಲಿ ಕುಂಬಳೆಯವರೆಗೆ, ಅಲ್ಲಿಂದ ಮಂಗಳೂರಿಗೆ ರೈಲು. ಆಡಲಿಕ್ಕೆ ಪುರುಸೊತ್ತು ಸಿಗುವುದು ಅಷ್ಟೇ. ಬ್ಲೂಟೂತ್ ಇಯರ್‌ಫೋನ್ ಹಾಕಿ ಕೂತರೆ ಕುಂಬಳೆಯಿಂದ ಎಲ್ಲ ಸರಿಯಾಗಿ ಕೇಳಿಸುತ್ತದೆ. ಉಪ್ಪಳ ಸ್ಟೇಷನ್ ಬಂತೋ, ಕಟ್. ಒಂದು ದಿನ ಅಲ್ಲ, ವಾರದಲ್ಲಿ ನಾಲ್ಕು ದಿನ ಹೀಗೆ. ಸಂಜೆ ವಾಪಸ್ ಬರುವಾಗ ಏನೂ ತೊಂದರೆ ಇಲ್ಲ. ಜೊತೆಗೆ ಬರುವ ದೋಸ್ತಿ ಹೇಳುವುದು ಉಪ್ಪಳದ ಮೊಬೈಲ್ ಟವರಿನದ್ದೇ ಕಿತಾಪತಿ ಅಂತ. ನಾನೂ ನಂಬಿದೆ. ಬೇರೆ ಇಯರ್‌ಫೋನ್ ಕೊಂಡು ನೋಡಿದೆ. ಹೊಸದರದ್ದೂ ಅದೇ ಕಥೆ.

ಎರಡನೇದು ಸ್ಕ್ರೀನ್. ಈಗ ಅಡಿಕೆ ಒಣಗಿಸುವ ಕಾಲ ಅಲ್ವಾ, ಆದಿತ್ಯವಾರ ಅಂಗಳದಲ್ಲಿ ಅಡಿಕೆ ಮಗುಚುವ ಕೆಲಸ ನನ್ನದು. ಮಧ್ಯೆ ಮಧ್ಯೆ ಜಗಲಿಯ ಮೆಟ್ಟಿಲಲ್ಲಿ ಕೂತು ಆಡೋಣ ಅಂದರೆ ಸ್ಕ್ರೀನಿನಲ್ಲಿ ಕಾಣುವುದು ನನ್ನದೇ ಮುಖ, ಹಿಂದೆ ತೆಂಗಿನಮರ. ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದೇನೆ. ಸ್ವಿಚ್‌ನದ್ದೇ ಒಎಲ್‌ಇಡಿ ಸ್ಕ್ರೀನಿನ ಮಾದರಿ ತೆಗೆದುಕೊಂಡರೆ ಸರಿಯಾಗುತ್ತದಾ? ಅಥವಾ ಮ್ಯಾಟ್ ಸ್ಕ್ರೀನ್‌ಗಾರ್ಡ್ ಸಾಕಾ?

ಕುಂಬಳೆ ಪ್ಯಾಸೆಂಜರ್

ಒಂದು ಪ್ರಶ್ನೆ. ಆ ದೋಸ್ತಿ ರೈಲು ಹತ್ತುವುದು ಎಲ್ಲಿ?

ನೀರ್ಚಾಲಿನವ

ಉಪ್ಪಳದಲ್ಲಿ. ಯಾಕೆ?

ಕುಂಬಳೆ ಪ್ಯಾಸೆಂಜರ್

ಅವನ ಹತ್ತಿರವೂ ಸ್ವಿಚ್ ಉಂಟಾ?

ನೀರ್ಚಾಲಿನವ

ಉಂಟು. ಇಬ್ಬರೂ ಸೇರಿ ಮಾರಿಯೋ ಕಾರ್ಟ್ ಅಂತ ರೇಸಿನ ಆಟ ಆಡುತ್ತೇವೆ. ಶುಕ್ರವಾರ ಅವನಿಗೆ ರಜೆ, ಸಂಜೆ ಅವನು ಬಸ್ಸಿನಲ್ಲಿ ಬರುವುದು.

ಕುಂಬಳೆ ಪ್ಯಾಸೆಂಜರ್

ಹಾಗಾದರೆ ಟವರ್ ಸಿಕ್ಕಿತು ಮಾರಾಯ್ರೆ. ನಿಮ್ಮ ಪಕ್ಕದಲ್ಲೇ ಕೂತಿದೆ.

ಸ್ವಿಚ್‌ಗೆ ಬ್ಲೂಟೂತ್ ಆಡಿಯೋ ಬಂದದ್ದೇ ತಡವಾಗಿ. ಸೆಪ್ಟೆಂಬರ್ 2021ರ ಅಪ್‌ಡೇಟಿನಲ್ಲಿ, 13.0.0 ಅಂತ ಅದರ ನಂಬರು. ಅದರವರೆಗೆ ಬ್ಲೂಟೂತ್ ಇದ್ದದ್ದು ಕಂಟ್ರೋಲರ್‌ಗಳಿಗೆ ಮಾತ್ರ. ಕೊಡುವಾಗಲೂ ಕಟ್ಟುನಿಟ್ಟು ಇಟ್ಟೇ ಕೊಟ್ಟರು. ಒಂದು ಸಲಕ್ಕೆ ಒಂದೇ ಇಯರ್‌ಫೋನ್. ಅದರ ಮೈಕ್ ಕೆಲಸ ಮಾಡುವುದಿಲ್ಲ. ವೈರ್‌ಲೆಸ್ ಕಂಟ್ರೋಲರ್ ಎರಡಕ್ಕಿಂತ ಜಾಸ್ತಿ ಆಗುವುದಿಲ್ಲ. ನಿಮಗೆ ಹೊಡೆದದ್ದು ಇನ್ನೊಂದು: ಎರಡು ಸ್ವಿಚ್‌ಗಳು ಲೋಕಲ್ ವೈರ್‌ಲೆಸ್‌ನಲ್ಲಿ, ಅಂದರೆ ಇಂಟರ್‌ನೆಟ್ ಇಲ್ಲದೆ ನೇರವಾಗಿ, ಒಂದಕ್ಕೊಂದು ಕನೆಕ್ಟ್ ಆದ ಕೂಡಲೇ ಬ್ಲೂಟೂತ್ ಆಡಿಯೋವನ್ನು ಸ್ವಿಚ್ ತಾನೇ ಕಡಿದು ಹಾಕುತ್ತದೆ. ಕೆಟ್ಟದ್ದಲ್ಲ, ಮಾಡಿಟ್ಟದ್ದೇ ಹಾಗೆ. ನೀವು ಹೊಸ ಇಯರ್‌ಫೋನ್ ತಂದದ್ದು ದಂಡ.

ದಾರಿ ಎರಡು. ಒಂದು, ಮೇಲ್ಗಡೆ ಇರುವ ಸಣ್ಣ ತೂತಿಗೆ ವಯರಿನ ಇಯರ್‌ಫೋನ್ ಚುಚ್ಚಿ. ಕಾರ್ಟ್ ತರದ ಆಟಕ್ಕೆ ನನ್ನ ಪ್ರಕಾರ ಅದೇ ಲಾಯಕ್ಕು. ಬ್ಲೂಟೂತ್‌ನಲ್ಲಿ ಶಬ್ದ ಯಾವತ್ತೂ ಸ್ವಲ್ಪ ಹಿಂದೆ. ಡಿಕ್ಕಿ ಹೊಡೆದು ಮುಂದೆ ಹೋದ ಮೇಲೆ ‘ಡುಬ್’ ಅಂತ ಕೇಳಿಸುತ್ತದೆ, ಗಮನಿಸಿದ್ದೀರಾ? ಎರಡು, ಕೆಳಗಿನ ಯುಎಸ್‌ಬಿ ಸಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಟ್ರಾನ್ಸ್‌ಮಿಟರ್. ಬೆರಳಿನ ಗಾತ್ರದ್ದು. ಸ್ವಿಚ್ ಅದನ್ನು ಯುಎಸ್‌ಬಿ ಹೆಡ್‌ಫೋನ್ ಅಂತಲೇ ತಿಳಿಯುತ್ತದೆ, ಹಾಗಾಗಿ ಲೋಕಲ್ ಆಟದಲ್ಲೂ ಕಟ್ ಆಗುವುದಿಲ್ಲ. ಆದರೆ ಚಾರ್ಜನ್ನು ಸ್ವಿಚ್‌ನಿಂದಲೇ ಕುಡಿಯುತ್ತದೆ. ಅದೂ ಇಯರ್‌ಫೋನೂ ಎರಡೂ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ (ಶಬ್ದವನ್ನು ಬೇಗ ಕಳಿಸುವ ಬ್ಲೂಟೂತ್ ವಿಧಾನ) ಇದ್ದದ್ದಾದರೆ ಶಬ್ದದ ತಡ ತುಂಬ ಕಡಿಮೆ. ಒಂದರಲ್ಲಿ ಮಾತ್ರ ಇದ್ದರೆ ಪ್ರಯೋಜನ ಇಲ್ಲ.

ಮತ್ತೆ, ಬಿಸಿಲಿಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಆಡುತ್ತೀರಾ? ಪೋಲರೈಸ್ಡ್ (ಹೊಳಪು ತಡೆಯುವ ಗಾಜಿನದ್ದು) ಆದರೆ ಎಲ್‌ಸಿಡಿ ಸ್ಕ್ರೀನ್ ಕೆಲವು ಕೋನದಲ್ಲಿ ಕಪ್ಪಾಗಿ ಕಾಣುತ್ತದೆ. ಕನ್ನಡಕ ಹಾಕಿ ಸ್ವಿಚ್ಚನ್ನು ನಿಧಾನ ತಿರುಗಿಸಿ ನೋಡಿ.

ರೈಲಿನಲ್ಲಿ ಬೆಳಿಗ್ಗೆ ಕಡಲಿನ ಬದಿ ಕೂತುಕೊಳ್ಳಿ, ಸಂಜೆ ಗುಡ್ಡದ ಬದಿ. ಸೀಟ್ ಸಿಕ್ಕಿದರೆ.

ಹಳೇ ಸೆಲ್, ಮಂಜೇಶ್ವರ

ಸ್ಕ್ರೀನಿನ ವಿಷಯಕ್ಕೆ ನಾನು ಹೇಳುತ್ತೇನೆ. ನಿಮಗಿಂತ ವಯಸ್ಸಿನಲ್ಲಿ ದೊಡ್ಡವನಿರಬೇಕು.

ನನ್ನ ಅಣ್ಣ ಶಾರ್ಜಾದಿಂದ ಗೇಮ್‌ಬಾಯ್ ಅಡ್ವಾನ್ಸ್ ತಂದಿದ್ದ, ನಿಂಟೆಂಡೊದ್ದೇ ಹಳೇ ಆಟದ ಯಂತ್ರ. 2001ರಲ್ಲಿ ಬಂದ ಮಾದರಿ. ಎರಡು ಪೆನ್ ಸೆಲ್ ಹಾಕಿದರೆ ಹದಿನೈದು ಗಂಟೆ ಓಡುತ್ತಿತ್ತು. ಯಾಕೆ ಅಷ್ಟು ಓಡುತ್ತಿತ್ತು ಗೊತ್ತಾ? ಅದರ ಸ್ಕ್ರೀನಿಗೆ ಲೈಟೇ ಇರಲಿಲ್ಲ. ರಾತ್ರಿ ಟ್ಯೂಬ್‌ಲೈಟ್ ಅಡಿಯಲ್ಲಿ ಕತ್ತು ಓರೆ ಮಾಡಿ ಕೂರಬೇಕು. ಕರೆಂಟ್ ಹೋದರೆ ಆಟ ಬಂದ್. ಆದರೆ ಹಗಲು ಅಂಗಳಕ್ಕೆ ತಂದರೆ ಬಣ್ಣ ಬಣ್ಣ ಎದ್ದು ಕಾಣುತ್ತಿತ್ತು. ಬಿಸಿಲು ಜಾಸ್ತಿ ಆದಷ್ಟೂ ಚಂದ. ಅದು ಬಿದ್ದ ಬೆಳಕನ್ನೇ ವಾಪಸ್ ಕೊಡುವ ಸ್ಕ್ರೀನ್.

ನಿಮ್ಮದು ಉಲ್ಟಾ. ಒಳಗಿನಿಂದ ತಾನೇ ಬೆಳಕು ಬಿಡಬೇಕು. ಬೆಳಕಿನ ಅಳತೆ ಲಕ್ಸ್‌ನಲ್ಲಿ ಹೇಳಿದರೆ ನೇರ ಬಿಸಿಲು ಒಂದು ಲಕ್ಷದವರೆಗೆ ಇರುತ್ತದೆ, ಮನೆಯೊಳಗೆ ಕೆಲವು ನೂರು. ಅದರ ಎದುರು ಇದು ದೇವರ ಕೋಣೆಯ ದೀಪ. ಒಎಲ್‌ಇಡಿ ಮಾದರಿ ಅಕ್ಟೋಬರ್ 2021ರದ್ದು, 7 ಇಂಚು. ಕಪ್ಪು ಒಳ್ಳೆಯ ಕಪ್ಪು, ರೈಲಿನಲ್ಲಿ ಚಂದ ಕಾಣುತ್ತದೆ. ಆದರೆ ಮೇಲೆ ಗ್ಲಾಸ್ ಅಲ್ವಾ, ನಿಮ್ಮ ತೆಂಗಿನಮರ ಅದರಲ್ಲೂ ಕಾಣುತ್ತದೆ. ಅಂಗಳಕ್ಕೋಸ್ಕರ ದುಡ್ಡು ಹಾಕಬೇಡಿ. ಮ್ಯಾಟ್ ಗಾರ್ಡ್ ಹಾಕಿದರೆ ಮರ ಹೋಗುತ್ತದೆ, ಆದರೆ ಬಿಸಿಲಲ್ಲಿ ಇಡೀ ಸ್ಕ್ರೀನಿಗೆ ಮಜ್ಜಿಗೆ ಬಳಿದ ಹಾಗೆ ಆಗುತ್ತದೆ.

ಇನ್ನೊಂದು. ಸ್ವಿಚ್ಚನ್ನು 35 ಡಿಗ್ರಿಯವರೆಗಿನ ಸೆಕೆಯಲ್ಲಿ ಮಾತ್ರ ಬಳಸಿ ಅಂತ ಕಂಪನಿಯೇ ಹೇಳುತ್ತದೆ. ಮಾರ್ಚಿನಲ್ಲಿ ನಮ್ಮ ಅಂಗಳ ಎಷ್ಟು ಅಂತ ಬರಿಗಾಲಲ್ಲಿ ನಡೆದವರಿಗೆ ಗೊತ್ತು. ಅಡಿಕೆ ಒಣಗಲಿ, ಬ್ಯಾಟರಿ ಒಣಗುವುದು ಬೇಡ.

ವೈರ್‌ಲೆಸ್ ಬಗ್ಗೆ ನಗು ಬಂತು. ನಾವು ಇಬ್ಬರು ಆಡಬೇಕಾದರೆ ಮಧ್ಯೆ ಕೇಬಲ್. 2004ರಲ್ಲಿ ಗೇಮ್‌ಬಾಯಿಗೂ ಒಂದು ವೈರ್‌ಲೆಸ್ ಅಡಾಪ್ಟರ್ ಬಂತು, ಅದರ ತಲೆ ಮೇಲೆ ಸಿಕ್ಕಿಸುವಂಥದ್ದು. ಅಣ್ಣನಿಗೆ ಕಾಗದ ಬರೆದು ತರಿಸಿಕೊಂಡೆ. ನೋಡಿದರೆ ಅದಕ್ಕೆಂದೇ ಮಾಡಿದ ಆಟಗಳಿಗೆ ಮಾತ್ರ ಆಗುವುದು. ನನ್ನ ಹತ್ತಿರ ಇದ್ದ ಒಂದು ಆಟಕ್ಕೂ ಆಗಲಿಲ್ಲ. ಈಗಲೂ ಕಪಾಟಿನಲ್ಲಿ ಉಂಟು, ಪ್ಲಾಸ್ಟಿಕ್ ಕೂಡ ತೆಗೆಯದ ಹಾಗೆ.

ಪೆರ್ಲದ ಅಕ್ಕ

ಅಡಿಕೆ ತೋಟ ಇಟ್ಟುಕೊಂಡು ಸ್ಕ್ರೀನ್‌ಗಾರ್ಡ್ ಯಾಕೆ ತಮ್ಮಾ? ಮರದಿಂದ ಬೀಳುವ ಅಡಿಕೆ ಹಾಳೆ ಇಲ್ವಾ?

ನನ್ನ ಮಗನಿಗೆ ನಾನೇ ಮಾಡಿಕೊಟ್ಟದ್ದು. ಅಗಲದ ಹಾಳೆ ಒಂದು ತೆಗೆದು ರಾತ್ರಿ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಚರ್ಮದ ಹಾಗೆ ಬಗ್ಗುತ್ತದೆ. ಸ್ಕ್ರೀನಿನ ಮೇಲ್ಗಡೆಗೆ ಮತ್ತು ಎರಡು ಬದಿಗೆ ನಾಲ್ಕು ಬೆರಳು ಎತ್ತರ ನಿಲ್ಲುವ ಹಾಗೆ ಕತ್ತರಿಸಿ ಬಗ್ಗಿಸಿ. ಮೇಲ್ಗಡೆ ಗಾಳಿ ಹೋಗುವ ಕಂಡಿ ಉಂಟು, ಅದನ್ನು ಮುಚ್ಚಬೇಡಿ. ಅಲ್ಲಿ ಹಾಳೆಯನ್ನು ಒಂದು ಬೆರಳು ಮುಂದೆ ತನ್ನಿ. ಒಣಗುವವರೆಗೆ ಬಟ್ಟೆಯ ಕ್ಲಿಪ್ ಹಾಕಿಡಿ. ಒಳಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿ. ಇದು ಮುಖ್ಯ, ಹಾಳೆಯ ಬಿಳಿ ಹಾಗೇ ಬಿಟ್ಟರೆ ಅದೇ ಸ್ಕ್ರೀನಿನಲ್ಲಿ ಕಾಣುತ್ತದೆ. ಹಿಂದಿನಿಂದ ಒಂದು ರಬ್ಬರ್ ಬ್ಯಾಂಡ್. ಮುಗಿಯಿತು.

ನೇರ ಬಿಸಿಲಿಗೆ ಇದು ಸಾಲದು. ಜಗಲಿ ಮೆಟ್ಟಿಲಿಗೆ ಸಾಕು.

ನೀರ್ಚಾಲಿನವ

ಹತ್ತು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಸುಗ್ಗಿ ಹೊತ್ತು.

ಪ್ಯಾಸೆಂಜರ್ ಅಣ್ಣ ಹೇಳಿದ್ದೇ ಸರಿ. ಸೋಮವಾರ ಪರೀಕ್ಷೆ ಮಾಡಿದೆ. ಉಪ್ಪಳದಲ್ಲಿ ದೋಸ್ತಿ ಹತ್ತಿದ, ಆದರೆ ‘ಇವತ್ತು ತಲೆನೋವು’ ಅಂತ ಹೇಳಿ ಒಬ್ಬನೇ ಆಡಿದೆ. ಮಂಗಳೂರು ಸೆಂಟ್ರಲ್‌ವರೆಗೆ ಕಟ್ ಆಗಲಿಲ್ಲ. ಮಂಗಳವಾರ ಒಟ್ಟಿಗೆ ಆಡಿದೆವು, ಸ್ಟೇಷನ್ ಬಿಡುವ ಮೊದಲೇ ಹೋಯಿತು. ಕಾರಣ ಹೇಳಿದರೆ ಅವನು ಒಪ್ಪುವುದಿಲ್ಲ, ಟವರ್ ಅಂತಲೇ ವಾದ. ಅಪ್ಪನ ರೇಡಿಯೋದ ವಯರಿನ ಇಯರ್‌ಫೋನ್ ತಂದು ಚುಚ್ಚಿದ್ದೇನೆ. ಒಂದೇ ಕಿವಿಗೆ ಕೇಳುತ್ತದೆ, ಆದರೂ ಎರಡು ರೇಸ್ ಗೆದ್ದೆ.

ಕೂಲಿಂಗ್ ಗ್ಲಾಸ್ ತಿರುಗಿಸಿಯೂ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಕೊಂಡದ್ದು. ಪೋಲರೈಸ್ಡ್ ಅಂತ ಸ್ಟಿಕ್ಕರ್ ಮಾತ್ರ ಇದ್ದದ್ದು ಅಂತ ಕಾಣುತ್ತದೆ.

ಪೆರ್ಲದ ಅಕ್ಕಾ, ಹಾಳೆ ಮಾಡಿದೆ. ಬ್ರೈಟ್‌ನೆಸ್ ಏನೂ ಜಾಸ್ತಿ ಆಗಲಿಲ್ಲ, ಆದರೆ ಮುಖವೂ ಮರವೂ ಹೋಯಿತು, ಆಟ ಕಾಣುತ್ತದೆ. ಅಜ್ಜಿ ನೋಡಿ ‘ಇದೆಂತದು, ನಾಯಿಗೆ ಟೊಪ್ಪಿಯಾ?’ ಅಂದರು. ಒಂದೇ ತೊಂದರೆ. ಎರಡನೇ ದಿನ ಒಣಗಿ ಬದಿಗಳು ಹೊರಗೆ ಬಿಚ್ಚಿಕೊಂಡವು. ಹಾಳೆಯ ನುಣುಪು ಬದಿ ಒಳಗೆ ಬರಬೇಕಾ, ಹೊರಗೆ ಬರಬೇಕಾ? ನಾನು ಒಳಗೆ ಇಟ್ಟಿದ್ದೆ.